ಉಪ್ಪುಗಾಳಿಯ ಹದಿನೆಂಟು ಪುಸ್ತಕಗಳು

ಫೆಬ್ರವರಿ 12, ಬುಧವಾರ, ಬೆಳಿಗ್ಗೆ 9.40. ಮಣಿಪಾಲದ ಠಾಣೆಗೆ ಬಂದ ಪ್ರೊಫೆಸರ್ ಜಿತೇಂದ್ರ ಹೆಗ್ಡೆ, ತಮ್ಮ ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಿಂದ ಹದಿನೆಂಟು ನೋಟುಪುಸ್ತಕ ಕಳವಾಗಿವೆ ಎಂದು ದೂರು ಕೊಟ್ಟರು.

"ಪುಸ್ತಕವಾ?" ಪಿಎಸ್‌ಐ ಗ್ಲ್ಯಾಡಿಸ್ ಕೇಳಿದರು.

"ಕಾಪುವಿನ ಉಪ್ಪುಗಾಳಿಗೆ ಕರೆಂಟು ಕಂಬದ ಪಿಂಗಾಣಿ ಹೇಗೆ ಹಾಳಾಗ್ತದೆ ಅಂತ ಹದಿನೆಂಟು ವರ್ಷ ತೆಗೆದ ರೀಡಿಂಗ್, ಮೇಡಂ. ನನ್ನ ಪ್ರಬಂಧಗಳಿಗೆಲ್ಲ ಅದೇ ಆಧಾರ. ಅಂಕಿ ಸುಳ್ಳು ಅಂತ ಯಾರೋ ಅರ್ಜಿ ಹಾಕಿದ್ದಾರೆ. ಸೋಮವಾರ ಸಮಿತಿಗೆ ತೋರಿಸದಿದ್ದರೆ ನನ್ನ ಕೆಲಸ ಹೋಯಿತು."

ಎಫ್‌ಐಆರ್ ಆಯಿತು. 11.15ಕ್ಕೆ ಸ್ಥಳ ಪಂಚನಾಮೆ. ಗ್ಲ್ಯಾಡಿಸ್‌ಗೆ ತಲೆಬುಡ ತಿಳಿಯಲಿಲ್ಲ. ತಾಮ್ರದ ತಂತಿಯ ಸುರುಳಿಗಳು ಕಣ್ಣೆದುರೇ ಬಿದ್ದಿವೆ, ಬೀಗ ಮುರಿದಿಲ್ಲ. ಹಳೆಯ ಸ್ವಿಚ್‌ಬೋರ್ಡಿನ ಹಿಂದೆ ಪುಸ್ತಕಗಳಿದ್ದ ಗೂಡು ಮಾತ್ರ ಖಾಲಿ. ತಾಮ್ರ ಬಿಟ್ಟು ಕಾಗದ ಕದಿಯುವ ಈ ಪುಣ್ಯಾತ್ಮ ಯಾರಪ್ಪ ಎನಿಸಿತು.

ಕಾನ್‌ಸ್ಟೇಬಲ್ ಸುಕೇಶ್ ಬೋರ್ಡಿಗೆ ಟಾರ್ಚ್ ಹಿಡಿದ. "ಮೇಡಂ, ಒಂದು ಫ್ಯೂಸ್ ಇಲ್ಲ."

ಲ್ಯಾಬಿನ ಸಹಾಯಕಿ ಭವ್ಯಶ್ರೀಯ ಮುಖ ಬಿಳಿಚಿತು.

"ಎಂತ? ಹೇಳಿ."

"ಬೋರ್ಡಿಗೆ ಕೈ ಹಾಕುವ ಮೊದಲು ಫ್ಯೂಸ್ ಕಿತ್ತು ಕಿಸೆಗೆ ಹಾಕುವುದು ಭೋಜಣ್ಣನ ಕ್ರಮ. ಬೇರೆಯವರು ಕರೆಂಟ್ ಕೊಡಬಾರದಲ್ವಾ? ಇಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದವರು, ರಿಟೈರ್ ಆಗಿ ವರ್ಷ ಆಯ್ತು. ನಿನ್ನೆ ಮಾತಾಡಿಸಲಿಕ್ಕೆ ಬಂದಿದ್ದರು."

ಸಂಜೆ 4.30, ಕಾಪುವಿನ ಭೋಜಣ್ಣನ ಮನೆ. ಭೋಜಣ್ಣ ಗೋಡೆಗೆ ತೂಗುಹಾಕಿದ್ದ ಅಂಗಿಯ ಕಿಸೆಗೆ ಕೈ ಹಾಕಿ, ಸಿಕ್ಕಿದ ಫ್ಯೂಸನ್ನು ನೋಡಿ ತಾವೇ ಬೆಪ್ಪಾದರು. ಪುಸ್ತಕಗಳು ಮಂಚದಡಿ ಇದ್ದವು.

"ಯಾಕೆ ತೆಗೆದಿರಿ?"

"ನಿನ್ನೆ ಲ್ಯಾಬಿಗೆ ಹೋದಾಗ ಸಮಿತಿಗೆ ಸಾರ್ ಬರೆದ ಉತ್ತರ ಮೇಜಿನ ಮೇಲಿತ್ತು. ಎಲ್ಲ ರೀಡಿಂಗ್ ತಾವೇ ತೆಗೆದದ್ದಂತೆ! ನಲ್ವತ್ತೊಂದು ಪ್ರಬಂಧದಲ್ಲಿ ನನ್ನ ಹೆಸರಿಲ್ಲ, ಬೇಜಾರು ಮಾಡಲಿಲ್ಲ. ಇದಕ್ಕೆ ಹೊಟ್ಟೆ ಉರಿಯಿತು."

5.50ಕ್ಕೆ ದಸ್ತಗಿರಿ. ಸ್ವತ್ತು ಗುರುತಿಸಲು ಪ್ರೊಫೆಸರರನ್ನು ಠಾಣೆಗೆ ಕರೆಸಿದರು.

"ನನ್ನದೇ," ಎನ್ನುತ್ತಾ ಅವರು ಒಂದು ಪುಸ್ತಕ ತೆರೆದರು. ಪುಟದ ಕೆಳಗೆ ದಿನಾಂಕ, ಸಮಯ, ಭೋಜಣ್ಣನ ಸಹಿ. ಇನ್ನೊಂದು ಪುಟದಲ್ಲೂ ಅದೇ. ಭೋಜಣ್ಣ ನಕಲು ಮಾಡಿ ಕೊಡುತ್ತಿದ್ದ ಅಂಕಿಗಳನ್ನಷ್ಟೇ ನೋಡಿದ್ದ ಪ್ರೊಫೆಸರ್, ಮೂಲವನ್ನು ತೆರೆದದ್ದು ಇದೇ ಮೊದಲು. ಸಮಿತಿಯ ಮುಂದೆ ಇದನ್ನಿಟ್ಟಿದ್ದರೆ ಅವರ ಸುಳ್ಳನ್ನು ಅವರೇ ಒಪ್ಪಿಸಿದಂತಾಗುತ್ತಿತ್ತು. ಹಾಗಾದರೆ ಇಲ್ಲಿ ಯಾರು ಯಾರದ್ದನ್ನು ಕದ್ದದ್ದು? ಗ್ಲ್ಯಾಡಿಸ್‌ಗೆ ಬೆಳಿಗ್ಗೆಗಿಂತ ಹೆಚ್ಚು ಗೊಂದಲವಾಯಿತು, ಸಂಕಟವೂ ಆಯಿತು.

"ಪುಸ್ತಕಗಳನ್ನು ಕೋರ್ಟಿಗೆ ಒಪ್ಪಿಸಬೇಕು ಸಾರ್. ಸೋಮವಾರಕ್ಕೆ ಸಿಗುವುದಿಲ್ಲ," ಎಂದರು.

ಬೆಂಚಿನ ಮೇಲಿದ್ದ ಭೋಜಣ್ಣ ತಲೆ ಎತ್ತಿದರು. "ಅಂಕಿ ಎಲ್ಲ ಸತ್ಯ ಉಂಟು ಸಾರ್. ಒಂದು ಫೋನ್ ಮಾಡಿದ್ದರೆ ನಾನೇ ಬಂದು ಸಮಿತಿಗೆ ಹೇಳ್ತಿದ್ದೆ."