ಅಜ್ಜಿಯ ತಟ್ಟೆಗೆ ಮೊದಲ ಹೋಳು

“ಬೇಡ! ಹಾಗೆ ಕೊಡಬೇಡ!”

ಮಿಜುಹೊ ಕಿರುಚಿದ ರಭಸಕ್ಕೆ ಲಿಗಾಯಾಳ ಊಟದ ಕಡ್ಡಿಗಳಿಂದ ಸಿಹಿಗುಂಬಳದ ಹೋಳು ಜಾರಿ ಮೇಜಿನ ಮೇಲೆ ಬಿತ್ತು.

ಲಿಗಾಯಾ ಫಿಲಿಪೀನ್ಸಿನ ಹುಡುಗಿ. ಸ್ಕೂಲಿನ ಕಡೆಯಿಂದ ಒಂದು ವಾರದ ಮಟ್ಟಿಗೆ ಮಿಜುಹೊಳ ಮನೆಗೆ ಬಂದಿದ್ದಳು. ಶೂ ಬಾಗಿಲಲ್ಲೇ ಬಿಡುವುದು, ಟಾಯ್ಲೆಟ್ಟಿನ ಚಪ್ಪಲಿ ಹೊರಗೆ ತರದಿರುವುದು, ಎಲ್ಲ ಕಲಿತಿದ್ದಳು ಪಾಪ. ಈಗ ಕಡ್ಡಿಯಲ್ಲಿ ಹಿಡಿದ ಹೋಳನ್ನು ಅಜ್ಜಿಯ ಕಡ್ಡಿಗೆ ದಾಟಿಸಲು ಹೋಗಿದ್ದಳು, ಅಷ್ಟೇ.

“ಸಾರಿ... ಏನು ತಪ್ಪು ಮಾಡಿದೆ?” ಅವಳ ಕಣ್ಣು ತುಂಬಿತು.

ಅಮ್ಮ ಮಿಜುಹೊಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. “ಏನೇ ಇದು? ಮನೆಗೆ ಬಂದವಳ ಮೇಲೆ ಹೀಗಾ ಕಿರುಚೋದು? ನಾಳೆ ಹೊರಡೋ ಹುಡುಗಿ!”

“ಅಜ್ಜಿ ಮುಖ ನೋಡಿದ್ಯಾ ಅಮ್ಮಾ? ತಾತನ ಮೂಳೆ ಹಾಗೇ ಅಲ್ವಾ ಎತ್ತಿದ್ದು?”

ಅಮ್ಮ ಅವಳ ಕೈ ಬಿಟ್ಟಳು. ಹೋದ ತಿಂಗಳು ದಹನವಾದ ಮೇಲೆ ಮನೆಯವರೆಲ್ಲ ತಾತನ ಮೂಳೆಗಳನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸಿ ಕುಡಿಕೆಯಲ್ಲಿ ಇಟ್ಟಿದ್ದರು. ಅದಕ್ಕೇ ಊಟಕ್ಕೆ ಕುಳಿತಾಗ ಯಾರೂ ಹಾಗೆ ದಾಟಿಸುವುದಿಲ್ಲ. ಇದನ್ನು ಲಿಗಾಯಾಗೆ ಹೇಳಿಕೊಡಬೇಕಿದ್ದವಳು ಮಿಜುಹೊನೇ. ಆದರೆ ಆ ಮಾತು ಮಾತ್ರ ಅವಳ ಬಾಯಿಗೆ ಬಂದಿರಲಿಲ್ಲ.

ಅವಳು ವಾಪಸ್ ಬಂದು ಲಿಗಾಯಾಳ ಪಕ್ಕ ಕುಳಿತಳು. “ನಿಂದೇನೂ ತಪ್ಪಿಲ್ಲ ಕಣೇ. ನಾನೇ ಹೇಳಿರ್ಲಿಲ್ಲ.” ತಡವರಿಸುತ್ತ ಎಲ್ಲವನ್ನೂ ಹೇಳಿದಳು.

ಲಿಗಾಯಾ ಬಾಯಿಗೆ ಕೈ ಅಡ್ಡ ಹಿಡಿದಳು. “ಗೊತ್ತಿರ್ಲಿಲ್ಲ ಅಜ್ಜಿ. ದಿನಾ ನಿಮ್ಮ ತಟ್ಟೆ ಖಾಲಿ ಇರುತ್ತೆ. ಅದಕ್ಕೇ...”

ಮಿಜುಹೊ ಅಜ್ಜಿಯ ತಟ್ಟೆ ನೋಡಿದಳು. ಹೌದಲ್ಲ, ಖಾಲಿ! ಮೊದಲೆಲ್ಲ ತಾತ ಮೊದಲನೇ ಹೋಳು ಅಲ್ಲಿಗೇ ಹಾಕುತ್ತಿದ್ದರು. “ನಾನೇನು ಮಗುನಾ?” ಎಂದು ಗದರುತ್ತಲೇ ಅಜ್ಜಿ ತಿನ್ನುತ್ತಿದ್ದಳು. ತಾತ ಹೋದಮೇಲೆ ಯಾರೂ ಹಾಕಿರಲಿಲ್ಲ. ದಿನಾ ಪಕ್ಕದಲ್ಲೇ ಕೂರುವ ಮಿಜುಹೊಗೂ ಅದು ಕಂಡಿರಲಿಲ್ಲ.

ಅಜ್ಜಿ ತಟ್ಟೆಯನ್ನು ಲಿಗಾಯಾಳತ್ತ ಸರಿಸಿದಳು. “ಇದಕ್ಕೆ ಹಾಕಮ್ಮ. ದೊಡ್ಡದೇ ಹಾಕು.”

ಲಿಗಾಯಾ ಹಾಕಿದಳು. ಅಜ್ಜಿ ಒಂದು ಚೂರೂ ಬಿಡದೆ ತಿಂದಳು.

ಮರುದಿನ ಲಿಗಾಯಾ ಬಸ್ಸಿನ ಕಿಟಕಿಯಿಂದ ಕೈಬೀಸುತ್ತ ಹೊರಟುಹೋದಳು. ಸಂಜೆ ಊಟಕ್ಕೆ ಕುಳಿತಾಗ ಯಾರೂ ಹೇಳದೆಯೇ ಮಿಜುಹೊ ಮೊದಲನೇ ಹೋಳನ್ನು ಅಜ್ಜಿಯ ತಟ್ಟೆಗೆ ಹಾಕಿದಳು.

“ನಾನೇನು ಮಗುನಾ?” ಅಜ್ಜಿ ಗದರಿದಳು.

“ಹೂಂ. ತಿನ್ನಜ್ಜೀ,” ಎಂದಳು ಮಿಜುಹೊ.