ಎರಡು ಪಾಳಿ, ಒಂದು ತೊಟ್ಟಿಲು

“ಇನ್ನೂ ಎಷ್ಟು ಮಂದೀನ್ನ ಮುಂದ ಬಿಡ್ತೀರ್ರಿ? ನಾ ಎಣಸ್ಲಿಕತ್ತೇನಿ. ಈಗ ಹೋದವರು ಏಳನೇದವರು!”

ನೀರಜಾ ಬೆಚ್ಚಿ ತಿರುಗಿದಳು.

ನಡುವೆ ಒಂದು ಹಗ್ಗ. ಈಚೆ ಹೆಂಗಸರ ಪಾಳಿ, ಆಚೆ ಗಂಡಸರ ಪಾಳಿ. ಆಚೆ ನಿಂತಿದ್ದ ದುಂಡು ಕನ್ನಡಕದ ತರುಣನೊಬ್ಬ ನಗು ತಡೆಯಲು ಒದ್ದಾಡುತ್ತಿದ್ದ. ಅವಳು ಅತ್ತಿಗೆ ಇಂದೂ ವೈನಿಯೊಡನೆ ಕನ್ನಡದಲ್ಲಿ ಮಾತಾಡಿದ್ದನ್ನು ಆಗಲೇ ಕೇಳಿಸಿಕೊಂಡಿರಬೇಕು.

“ನಿಮಗ್ಯಾಕ್ರಿ ಅದರ ಉಸಾಬರಿ?”

“ಉಸಾಬರಿ ಏನಿಲ್ರಿ. ನಿಮಗ ಹೆದರಿಕಿ ಆಗೇದ, ಅಷ್ಟ.”

“ಹೆದರಿಕಿ? ನನಗ? ಛೀ!”

ಅಂದವಳು ಮರುಕ್ಷಣವೇ ಎಂಟನೆಯವಳಿಗೂ ದಾರಿ ಬಿಟ್ಟಳು...

ಅದು 1943ರ ಜನವರಿ. ಪುಣೆಯಲ್ಲಿ ಮುಠಾ ನದಿಯ ದಂಡೆಗೆ ಒಂದು ತಿಂಗಳ ಕೈಗಾರಿಕಾ ಪ್ರದರ್ಶನ ಬಂದಿತ್ತು. ಊರಿಗೆ ಊರೇ ಅಲ್ಲಿಗೆ ಓಡಿದ್ದು ಮಗ್ಗ ನೋಡಲಿಕ್ಕೂ ಅಲ್ಲ, ಸಾಬೂನು ನೋಡಲಿಕ್ಕೂ ಅಲ್ಲ. ಮೂರಂತಸ್ತಿನ ಮನೆಯಷ್ಟು ಎತ್ತರದ ರಾಟೆ ತೊಟ್ಟಿಲು ಹತ್ತಲಿಕ್ಕೆ! ಎಂಟು ತೊಟ್ಟಿಲು, ಒಂದೊಂದರಲ್ಲಿ ಇಬ್ಬರು. ಸುತ್ತುವುದು ಮೂರೇ ನಿಮಿಷ. ಆ ಮೂರು ನಿಮಿಷಕ್ಕೆ ಭಾನುವಾರದ ದಿನ ಒಂದೂವರೆ ಗಂಟೆ ಪಾಳಿಯಲ್ಲಿ ನಿಲ್ಲಬೇಕು. ಯುದ್ಧದ ಕಾಲ, ದೀಪ ಹಚ್ಚುವಂತಿಲ್ಲ. ಹೊತ್ತು ಮುಳುಗುತ್ತಲೇ ಗಂಟೆ ಬಾರಿಸಿ ರಾಟೆ ನಿಲ್ಲಿಸುತ್ತಿದ್ದರು.

ನೀರಜಾಳ ತಂದೆ ಕೃಷ್ಣಾಜಿ ಧಾರವಾಡದವರು, ಸದಾಶಿವ ಪೇಠದಲ್ಲಿ ನೆಲೆಸಿದ್ದ ನಿವೃತ್ತ ಮಾಸ್ತರರು. ಕನ್ನಡಕದ ತರುಣ ಅವಧೂತ ಬೆಳಗಾವಿಯವನು, ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತ. ಇಷ್ಟೆಲ್ಲ ಆ ಹಗ್ಗದ ಆಚೆ ಈಚೆಯೇ ಗೊತ್ತಾಗಿಹೋಯಿತು. ಒಂದೂವರೆ ಗಂಟೆಯಲ್ಲಿ ಮನುಷ್ಯರು ಎಷ್ಟು ಮಾತಾಡಬಹುದೋ ನೋಡಿ!

ಆ ಭಾನುವಾರ ನೀರಜಾ ತೊಟ್ಟಿಲು ಹತ್ತಲೇ ಇಲ್ಲ. ಅದರ ಮುಂದಿನ ಭಾನುವಾರವೂ ಹೋದಳು, ಹತ್ತಲಿಲ್ಲ. ಹೆಂಗಸರ ಪಾಳಿ ಸಣ್ಣದು, ಬೇಗ ಸರಿಯುತ್ತದೆ. ಆದ್ದರಿಂದ ಹಿಂದಿದ್ದವರನ್ನು ಒಬ್ಬೊಬ್ಬರಾಗಿ ಮುಂದೆ ಬಿಟ್ಟು ಅವನ ಸಮಕ್ಕೇ ನಿಲ್ಲುತ್ತಿದ್ದಳು. ಮೊದಲು ಹೆದರಿಕೆಗೆ ಬಿಡುತ್ತಿದ್ದವಳು ಈಗ ಯಾತಕ್ಕೆ ಬಿಡುತ್ತಿದ್ದಾಳೆಂದು ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ ಇಂದೂ ವೈನಿಗೆ ತಿಳಿಯಲಿಲ್ಲವೇ? ತಿಳಿಯಿತು. ಅಣ್ಣನ ಹೆಂಡತಿಯಾದರೂ ಆಕೆ ಗೆಳತಿಯಂಥವಳು. ಸುಮ್ಮನೆ ಮುಖ ಅತ್ತ ತಿರುಗಿಸಿದಳು.

ಮೂರನೆಯ ಭಾನುವಾರ ಅವಧೂತನ ಮುಖದಲ್ಲಿ ನಗೆಯಿರಲಿಲ್ಲ.

“ನನಗ ಜಬಲಪುರಕ್ಕ ವರ್ಗ ಆಗೇದ್ರಿ. ಬರೋ ಸೋಮವಾರ ಮುಂಜಾನೆ ಹೊರಡಬೇಕು.”

ನೀರಜಾ ನಡುವಿನ ಹಗ್ಗ ಹಿಡಿದುಕೊಂಡಳು. ‘ಅದ ಸೋಮವಾರ ನನ್ನ ನೋಡಲಿಕ್ಕೆ ಸಾತಾರದಿಂದ ಗಂಡಿನವರು ಬರ್ತಾರ... ಇವರಿಗೆ ಹೆಂಗ ಹೇಳಲಿ?’

ಹೇಳಿಯೇಬಿಟ್ಟಳು.

ಅವಧೂತ ಹಗ್ಗದ ಹತ್ತಿರಕ್ಕೆ ಸರಿದ. ಆಮೇಲೆ ತಗ್ಗಿದ ದನಿಯಲ್ಲಿ ಅಂದ. “ನಾ ನಾಳೆನ ಬಂದು ನಿಮ್ಮ ತಂದೀನ್ನ ಕೇಳಬಹುದು. ಆದ್ರ ನಿಮ್ಮನ್ನ ಕೇಳದ ಹೆಂಗ ಕೇಳಲಿ? ನಮ್ಮ ಮಂದಿ ಹುಡುಗೀನ್ನ ಬಿಟ್ಟು ಎಲ್ಲಾರನ್ನೂ ಕೇಳ್ತಾರ... ಮುಂದಿನ ಭಾನುವಾರ ತನಕ ವಿಚಾರ ಮಾಡ್ರಿ. ಒಪ್ಪಿಗಿ ಇದ್ರ ನನ್ನ ಜೋಡಿ ಒಂದ ತೊಟ್ಟಿಲದಾಗ ಕೂಡ್ರಿ. ಇಳದ ಕೂಡಲೇ ನಿಮ್ಮ ಮನೀಗೆ ಬರ್ತೇನಿ.”

ಅದೇನು ಸಣ್ಣ ಮಾತಲ್ಲ. ಎರಡೂ ಪಾಳಿ ಕೂಡುವ ಜಾಗದಲ್ಲಿ ಟಿಕೀಟು ನೋಡುವ ಚೀಟಿಯವನು ನಿಂತಿರುತ್ತಿದ್ದ. ಹೆಂಗಸರನ್ನು ಹೆಂಗಸರ ಜೊತೆ, ಗಂಡಸರನ್ನು ಗಂಡಸರ ಜೊತೆ ಕೂಡಿಸುತ್ತಿದ್ದ. ಒಂದೇ ಮನೆಯವರು ಅಂದವರಿಗೆ ಮಾತ್ರ ಒಟ್ಟಿಗೆ ಜಾಗ, ಅದೂ ಇಬ್ಬರ ಸರದಿ ಒಟ್ಟಿಗೆ ಬಂದರೆ. ಅಲ್ಲಿ ನಿಂತು ಕಾಯುತ್ತೇನೆ ಅಂದರೆ ನಡೆಯದು. ಹತ್ತಬೇಕು, ಇಲ್ಲವೇ ಹೊರಗೆ ನಡೆಯಬೇಕು. ಊರೆಲ್ಲ ನೋಡುತ್ತಿರುವಾಗ ಅವನ ಪಕ್ಕ ಕೂತರೆ ಹೌದು ಎಂದು ಡಂಗುರ ಸಾರಿದ ಹಾಗೆಯೇ!

“ನೋಡೋಣ್ರಿ,” ಅಂದಳು ನೀರಜಾ. ಹೌದು ಅಂತ ಅಲ್ಲೇ ಹೇಳಿಬಿಡಬಾರದಿತ್ತೇ ಹುಡುಗಿ! ನಾಚಿಕೆ, ಸುಡುಗಾಡು ನಾಚಿಕೆ.

ಭಾನುವಾರ ಹಸಿರು ಇಳಕಲ್ ಸೀರೆಯುಟ್ಟು ಬಂದವಳು ದಂಗಾಗಿ ನಿಂತಳು. ಹಗ್ಗ ಇರಲಿಲ್ಲ! ಪುಂಡರು ಹೆಂಗಸರನ್ನು ಚುಡಾಯಿಸುತ್ತಾರೆಂದು ಎರಡು ಪಾಳಿಯ ನಡುವೆ ಆಳೆತ್ತರದ ಬಟ್ಟೆಯ ಕನಾತು ಕಟ್ಟಿಬಿಟ್ಟಿದ್ದರು. ಆಚೆಯವರ ಗದ್ದಲ ಕೇಳುತ್ತದೆ, ಮುಖ ಕಾಣುವುದಿಲ್ಲ.

ಅವನ ಹೆಸರು ಹಿಡಿದು ಕೂಗುವುದೇ? ನಾಲ್ಕು ಜನ ಏನಂದಾರು!

‘ಗಂಡಸರ ಪಾಳಿ ಉದ್ದ. ಅವರು ಇನ್ನೂ ಹಿಂದಿರ್ತಾರ... ನಾ ಮೊದಲು ಮುಟ್ಟಿದ್ರ ಒಬ್ಬಾಕಿನ್ನ ಹತ್ತಿಸಿಬಿಡ್ತಾರ.’

ಹಿಂದಿದ್ದವಳಿಗೆ ದಾರಿ ಬಿಟ್ಟಳು. ಅವಳ ಹಿಂದಿನವಳಿಗೂ ಬಿಟ್ಟಳು. ಕಣ್ಣು ಮಾತ್ರ ಮೇಲೆ ತಿರುಗುವ ತೊಟ್ಟಿಲುಗಳ ಮೇಲೆ. ಅವನು ಕಾಣಲಿಲ್ಲ. ಇನ್ನಿಬ್ಬರಿಗೆ ಬಿಟ್ಟಳು. ಬಿಸಿಲು ಇಳಿಯಿತು. ಕಾಲು ಸೋತವು. ಇನ್ನೊಬ್ಬರು... ಮತ್ತೊಬ್ಬರು...

ಗಂಟೆ ಬಾರಿಸಿದರು. ರಾಟೆ ನಿಂತಿತು.

‘ಬರಲೇ ಇಲ್ಲ!’

ಹೆಂಗಸರ ಬಾಗಿಲು ನದಿಯ ಕಡೆ, ಗಂಡಸರ ಬಾಗಿಲು ರಸ್ತೆಯ ಕಡೆ. ಸೆರಗಿನಿಂದ ಕಣ್ಣೊರೆಸಿಕೊಂಡು ನೀರಜಾ ನದಿಯ ಕಡೆಯಿಂದ ಹೊರಬಿದ್ದಳು. ಮರುದಿನ ಬಂದ ಸಾತಾರದವರ ಮುಂದೆ ಹೋಗಿ ಕೂರಲಿಲ್ಲ. ಕೃಷ್ಣಾಜಿ ಕಾರಣ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ಬಾರದವನಿಗೆ ತಾನಾಗಿ ಪತ್ರ ಬರೆಯುವುದೇ? ಅವಳ ಮಾನ ಒಪ್ಪಲಿಲ್ಲ.

ನಾಲ್ಕು ವರ್ಷ ಕಳೆದವು. ಯುದ್ಧ ಮುಗಿಯಿತು. ಬಂದ ಸಂಬಂಧಗಳೆಲ್ಲ ಬಂದ ಹಾಗೆಯೇ ತಿರುಗಿಹೋದವು. ನೀರಜಾ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಬಾಯಿಯಾದಳು. 1946ರ ಮಳೆಗಾಲದಲ್ಲಿ ಕೃಷ್ಣಾಜಿ ಜ್ವರದಿಂದ ತೀರಿಕೊಂಡರು.

ಮರುವರ್ಷ ಜನವರಿಯಲ್ಲಿ ನದಿ ದಂಡೆಯ ಅದೇ ಮೈದಾನಕ್ಕೆ ರಾಟೆ ತೊಟ್ಟಿಲು ಮತ್ತೆ ಬಂದಿತು. ಈ ಸಲ ಕನಾತಿಲ್ಲ, ಹಗ್ಗವಿಲ್ಲ, ಎಲ್ಲರಿಗೂ ಒಂದೇ ಪಾಳಿ. ಬೇಡ ಬೇಡವೆಂದರೂ ಇಂದೂ ವೈನಿ ಅವಳನ್ನು ಎಳೆದುಕೊಂಡು ಬಂದು, ಪಾಳಿಯಲ್ಲಿ ನಿಲ್ಲಿಸಿ ತಾನು ಬೆಂಚು ಹಿಡಿದಳು.

“ತುಮ್ಹೀ ವ್ಹಾ ಪುಢೇ,” ನೀವು ಮುಂದೆ ಹೋಗಿ ಎಂದು ಮರಾಠಿಯಲ್ಲಿ ಹೇಳಿ, ಇಬ್ಬರಾಚೆ ಮುಂದಿದ್ದವನೊಬ್ಬ ತನ್ನ ಹಿಂದಿನವರಿಗೆ ದಾರಿ ಬಿಟ್ಟ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರಿಗೂ ಬಿಟ್ಟ. ಪಕ್ಕಕ್ಕೆ ತಿರುಗಿದಾಗ ದುಂಡು ಕನ್ನಡಕ ಮಿಂಚಿತು.

ನೀರಜಾ ಅವನ ಬೆನ್ನ ಹಿಂದೆಯೇ ಬಂದು ನಿಂತಳು.

ಸಿಟ್ಟು, ಅಳು, ನಗು... ಯಾವುದು ಮೊದಲು ಬಂದಿತೋ!

“ಇನ್ನೂ ಎಷ್ಟು ಮಂದೀನ್ನ ಮುಂದ ಬಿಡ್ತೀರ್ರಿ?”

ಅವಧೂತ ಗಕ್ಕನೆ ತಿರುಗಿದ. ಕೈಯಲ್ಲಿದ್ದ ಚೀಟಿ ಕೆಳಗೆ ಬಿತ್ತು.

“ನೀರಜಾ... ನೀವು...”

“ಅವತ್ತು ಯಾಕ ಬರಲಿಲ್ರಿ? ಬರೋದಿಲ್ಲ ಅಂತ ಮೊದಲ ಹೇಳಿದ್ರ ನಾ ಏನು ಸಾಯ್ತಿದ್ದಿಲ್ಲ!”

“ನಾ ಬರಲಿಲ್ಲ? ಬರಲಾರದಾಕಿ ನೀವು! ಗಂಟಿ ಬಾರಿಸೂ ತನಕ ನಾ ಪಾಳ್ಯಾಗ ನಿಂತಿದ್ದೆ.”

“ಸುಳ್ಳು! ಗಂಟಿ ತನಕ ನಿಂತಾಕಿ ನಾನು. ಮ್ಯಾಲೆ ತೊಟ್ಟಿಲದಾಗ ನೋಡೇ ನೋಡಿದೆ. ನೀವು ಎಲ್ಲೂ ಇದ್ದಿಲ್ಲ.”

“ನಾ ಹೆಂಗ ಹತ್ತಲಿ? ನೀವು ಹೆದರಿ ಹಿಂದ ಹಿಂದ ಸರಿಯೋ ಹುಡುಗಿ. ನೀವು ಮುಟ್ಟೂಕಿಂತ ಮೊದಲ ನನ್ನ ಸರದಿ ಬಂದುಬಿಟ್ರ? ಅದಕ್ಕ ಎಲ್ಲಾರನ್ನೂ ಮುಂದ...”

ಮಾತು ಅರ್ಧಕ್ಕೇ ನಿಂತಿತು.

ಇಬ್ಬರಿಗೂ ಒಟ್ಟಿಗೆ ತಿಳಿಯಿತು. ಕನಾತಿನ ಈಚೆ ಅವಳು ಅವನಿಗಾಗಿ ದಾರಿ ಬಿಡುತ್ತಿದ್ದಳು; ಆಚೆ ಅವನು ಅವಳಿಗಾಗಿ. ಒಬ್ಬರು ದುಡುಕಿ ಮುಂದೆ ಹೋಗಿದ್ದರೂ ಸಾಕಿತ್ತು, ಮೇಲೆ ತಿರುಗುವಾಗ ಇನ್ನೊಬ್ಬರ ಕಣ್ಣಿಗೆ ಬೀಳುತ್ತಿದ್ದರು. ಒಬ್ಬರನ್ನೊಬ್ಬರು ಅಷ್ಟು ಚೆನ್ನಾಗಿ ಅರಿತಿದ್ದೇ ತಪ್ಪಾಯಿತು...

“ಒಂದು ಪತ್ರನಾದ್ರೂ...” ನೀರಜಾ ಕೆಳಗೆ ಬಿದ್ದಿದ್ದ ಅವನ ಚೀಟಿ ಎತ್ತಿಕೊಟ್ಟಳು.

“ಒಲ್ಲೆ ಅಂದ ಹುಡುಗೀಗೆ ಪತ್ರ ಬರದು ಕಾಡೋದು ಸಭ್ಯಸ್ಥರ ಲಕ್ಷಣ ಅಲ್ಲ ಅಂದ್ಕೊಂಡೆ. ಹುಚ್ಚ ನಾನು! ಹೋದ ತಿಂಗಳ ಮತ್ತ ದೇಹೂ ರೋಡಿಗೆ ಬಂದೇನಿ. ಮದಿವಿ ಆಗೋ ಮನಸ್ಸಾಗಲಿಲ್ಲ. ನಿಮ್ಮ ಮನೀಗೆ ಬರೋ ಧೈರ್ಯನೂ ಆಗಲಿಲ್ಲ. ಇಲ್ಲಿಗಾದ್ರೂ ನೀವು ಬರಬಹುದು ಅಂತ ಎಲ್ಲಾರನ್ನೂ ಮುಂದ ಬಿಟ್ಟು ಕಾಯ್ತಿದ್ದೆ. ನಿಮ್ಮ ತಂದಿಯವರು...”

“ಹೋದ್ರು. ಮಳಿಗಾಲದಾಗ.”

ಗದ್ದಲ ಕೇಳಿ ಎದ್ದುಬಂದಿದ್ದ ಇಂದೂ ವೈನಿ ಅಲ್ಲೇ ಕಣ್ಣೊರೆಸಿಕೊಂಡಳು.

“ಸಾತಾರದವರು ತಿರುಗಿ ಹೋದ ಮ್ಯಾಲೆ ನಿಮ್ಮ ಸುದ್ದಿ ನಾನ ಮಾವನವರ ಮುಂದ ಹೇಳಿದ್ದೆ. ಆ ಕನ್ನಡಕದ ಹುಡುಗ ಬಂದು ಕೇಳಿದ್ರ ಕೊಡ್ತೇನಿ, ತಾನಾಗೇ ಬರಲಿ ಅಂತಿದ್ರು. ನೀರಜಾಗ ತಿಳಿಸಬ್ಯಾಡ, ಹುಡುಗಿ ನಾಚಿಕೊಂಡೀತು ಅಂದ್ರು. ಮೂರು ವರ್ಷ... ಬಾಗಿಲದಾಗ ಯಾರದಾದ್ರೂ ಸಪ್ಪಳಾದ್ರ ಇಣಿಕಿ ನೋಡೋರು.”

ನೀರಜಾ ಸೆರಗು ಬಾಯಿಗೊತ್ತಿ ಅತ್ತುಬಿಟ್ಟಳು. ಅಪ್ಪನೂ ಕಾಯುತ್ತಿದ್ದರೇ! ನಾಲ್ಕು ವರ್ಷವನ್ನು ಹೇಗೋ ನುಂಗಿಕೊಳ್ಳಬಹುದು. ಆ ಬಾಗಿಲಿನಲ್ಲಿ ಇಣುಕುತ್ತಿದ್ದ ಮುಖವನ್ನು ಎಲ್ಲಿಂದ ತರುವುದು?

ಅವಧೂತ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತಲೇ ನಿಂತ. ಎಷ್ಟು ಒರೆಸಿದರೂ ಅದು ತಿಳಿಯಾಗಲಿಲ್ಲ.

ಪಾಳಿ ಮುಂದೆ ಸರಿಯಿತು. ಹಿಂದಿನಿಂದ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದಳು. ರೂಢಿಯ ಬಲದಿಂದ ನೀರಜಾ ಪಕ್ಕಕ್ಕೆ ಸರಿಯಹೋದಳು.

“ಬ್ಯಾಡ್ರಿ,” ಅಂದ ಅವಧೂತ. ಕೈ ಅಡ್ಡ ಹಿಡಿದ. “ಇನ್ನ ಯಾರನ್ನೂ ಮುಂದ ಬಿಡಬ್ಯಾಡ್ರಿ.”

ಸಂಜೆಗೆ ದೀಪ ಹತ್ತುವ ಹೊತ್ತಿಗೆ ಅವರ ಸರದಿ ಬಂದಿತು. ಚೀಟಿಯವನು ಇಬ್ಬರನ್ನೂ ನೋಡಿ ಕೇಳಿದ. “ಏಕಾಚ್ ಘರಚೇ ಕಾ?”

ಒಂದೇ ಮನೆಯವರೇ?

ಅವಧೂತ ಅವಳನ್ನೇ ನೋಡುತ್ತ ನಿಂತ.

“ಹೋ,” ಹೌದು ಅಂದಳು ನೀರಜಾ, ಹಿಂದಿನವರಿಗೂ ಕೇಳುವಷ್ಟು ಗಟ್ಟಿಯಾಗಿ.

ತೊಟ್ಟಿಲು ಮೇಲೇರಿತು. ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ ಅವನ ತೋಳು ಹಿಡಿದುಕೊಂಡಳು.

“ಹೆದರಿಕಿ ಆಗ್ತದ?”

“ಹೂಂ... ಭಾಳ.”

“ಮೊದಲ ದಿನಾನ ಇದನ್ನ ಒಪ್ಪಿಕೊಂಡಿದ್ರ...”

“ಕೈ ಬಿಡಬ್ಯಾಡ್ರಿ,” ಅಂದಳು. “ಇಳದ ಕೂಡಲೇ ಮನೀಗೆ ಹೋಗೋಣ. ಅಪ್ಪನ ಫೋಟೋದ ಮುಂದ ನಿಂತು ಕೇಳ್ರಿ. ಭಾಳ ದಿನ ಕಾಯ್ದಾರ ಅವರು.”