ಗೆರೆ ದಾಟುವಲ್ಲಿ ಉಳಿದ ಬಿಳಿ

ವೇದಾವತಿ ಮೇಡಂ ನಕ್ಷೆಯ ಮೇಲೆ ಆರನೇ ಸುತ್ತು ಹಾಕಿ ಪೆನ್ಸಿಲ್ ಕೆಳಗಿಟ್ಟರು. "ಆರೂ ಕಡೆ ಬಿಳಿ ಬಿಟ್ಟಿದೆ ಅಮೂಲ್ಯ. ಆಟೋ ಕರಿ."

ಅವರು ನಿವೃತ್ತ ಗಣಿತ ಉಪನ್ಯಾಸಕಿ. ಆಲ್ಕೊಳದ ಅವರ ಮನೆಯಲ್ಲಿ ಬಾಡಿಗೆಗಿದ್ದ ನಾನು ಅವರ ಪತ್ತೇದಾರಿಕೆಗೂ ಜೊತೆಗಾತಿ. ಹಿಂದಿನ ದಿನ ಭದ್ರಾವತಿಯಿಂದ ಪ್ರೇಮಮ್ಮ ಬಂದು, ಆ ನಕ್ಷೆ ಕೊಟ್ಟು ಅತ್ತಿದ್ದರು. ಅವರ ಮಗಳು ಸಿರಿಯನ್ನು ಸವಳಂಗ ರಸ್ತೆಯ ಹೂಡಿಕೆ ಸಲಹಾ ಕಚೇರಿಯಿಂದ ತೆಗೆದುಹಾಕಿದ್ದರು. ಗ್ರಾಹಕರೊಬ್ಬರಿಗೆ ಹೋದ ಆ ಷೇರಿನ ನಕ್ಷೆಯಲ್ಲಿ ಅಂಕಿ ತಿದ್ದಿ, ಕೆಂಪು ಇರಬೇಕಾದಲ್ಲಿ ಕೊಳ್ಳಬಹುದೆನ್ನುವ ಹಸಿರು ತುಂಬಿದಳೆಂಬ ಆರೋಪ. ನಕ್ಷೆಯ ಕೆಳಗೆ ಅವಳದೇ ಹೆಸರಿತ್ತು.

ನಾವು ಮಲವಗೊಪ್ಪದ ಅವಳ ಕೋಣೆಗೆ ಹೋದಾಗ, ಅವಳು ಬಾಗಿಲು ಮುಚ್ಚಿಕೊಂಡು ಒಂಬತ್ತು ದಿನವಾಗಿತ್ತು. ತನ್ನ ಹಳೆಯ ನಕ್ಷೆಗಳನ್ನು ಕೊಟ್ಟು, "ನಾನು ಮಾಡಿಲ್ಲ" ಎಂದಳು. ಮತ್ತೆ ಯಾರು ಎಂದರೆ ಗೋಡೆ ನೋಡಿದಳು. ಅಡುಗೆ ಕಟ್ಟೆಯ ಮೇಲೆ ಊಟದ ಡಬ್ಬಿ ಎರಡು ಬೋರಲಾಗಿದ್ದವು. ವಾಸ ಅವಳೊಬ್ಬಳೇ.

ಅವಳನ್ನೂ ಕರೆದುಕೊಂಡು ಹೋದೆವು. ಕಚೇರಿಯಲ್ಲಿ ಮಾಲೀಕ ವಿಜಯೇಂದ್ರ, ಸಿರಿ, ಸಹೋದ್ಯೋಗಿ ಗಣೇಶ್ ಎಲ್ಲರೂ ಕೂತರು.

"ನಕ್ಷೆಲಿ ಎರಡು ಗೆರೆ. ಬೆಲೆ ಜೊತೆ ಬೇಗ ಏರಿಳಿಯೋದು ಮೇಲಿದ್ರೆ ಎರಡರ ಮಧ್ಯೆ ಹಸಿರು, ನಿಧಾನದ್ದು ಮೇಲಿದ್ರೆ ಕೆಂಪು," ಮೇಡಂ ಹೇಳಿದರು. "ಅಂಕಿ ಇರೋದು ದಿನಕ್ಕೊಂದು. ಗೆರೆಗಳು ದಾಟೋದು ಎರಡು ದಿನದ ನಡುವೆ. ಆ ಬಿಂದು ಹುಡುಕು ಅಂತ ನಾವು ಹೇಳದಿದ್ರೆ ಕಂಪ್ಯೂಟರ್ ಅಲ್ಲಿ ಬಣ್ಣ ತುಂಬಲ್ಲ, ಬಿಳಿ ಚೂರು ಉಳಿಯುತ್ತೆ. ಸಿರಿ ತನ್ನ ಹಳೇ ನಲವತ್ತು ನಕ್ಷೆಲಿ ಒಂದೂ ಚೂರು ಬಿಟ್ಟಿಲ್ಲ, ಇದರಲ್ಲಿ ಆರಿದೆ."

"ಅವತ್ತು ಮರೆತಿರ್ತಾಳೆ ಬಿಡಿ ಮೇಡಂ," ಗಣೇಶ್ ನಕ್ಕ.

"ಇರಬಹುದು ಮಾರಾಯ. ನಿನ್ನ ತಲೆ ಮೇಲೆ ನೋಡು."

ಗೋಡೆಯ ಮೇಲೆ ಅವನು ತರಬೇತಿಗೆಂದು ಬರೆದು, ಹೆಸರು ಹಾಕಿದ್ದ ನಾಲ್ಕು ನಕ್ಷೆಗಳಿದ್ದವು. ಗೆರೆ ದಾಟಿದಲ್ಲೆಲ್ಲ ಬಿಳಿ.

"ಇಲ್ಲಿ ನಕ್ಷೆ ಬರೆಯೋರು ನೀವಿಬ್ಬರೇ. ಆ ಷೇರು ಕೊಳ್ಳಿಸಿದ ಕಮಿಷನ್ ಬಂದಿದ್ದು ನಿಂಗೆ. ಸಿರಿ, ನಿನ್ನ ಪಾಸ್‌ವರ್ಡ್ ಇವನಿಗೆ ಗೊತ್ತಿತ್ತಾ?"

"ನಾನೇ ಕೊಟ್ಟಿದ್ದೆ. ಬಿಳಿ ಚೂರು ಮೊದಲನೇ ದಿನವೇ ನೋಡಿದೆ ಮೇಡಂ."

"ಅಯ್ಯೋ ಮಾರಾಯ್ತಿ! ಬಾಯಿ ಬಿಡಬಾರದಿತ್ತಾ?"

"ಈ ಆಫೀಸಲ್ಲಿ ನನ್ನ ಜೊತೆ ಊಟಕ್ಕೆ ಕೂರ್ತಿದ್ದೋನು ಇವನೊಬ್ಬನೇ. ಅವನ ಡಬ್ಬಿನೂ ನಾನೇ ತರ್ತಿದ್ದೆ. ತಾನಾಗೇ ಒಪ್ಕೊಳ್ತಾನೆ ಅಂತ ಕಾದೆ."

ಗಣೇಶ್ ಗೋಡೆಯ ನಕ್ಷೆಗಳನ್ನು ಕೀಳತೊಡಗಿದ. ವಿಜಯೇಂದ್ರ ಎದ್ದು, ಕಿಟಕಿ ಪಕ್ಕದ ಸಿರಿಯ ಕುರ್ಚಿಯ ಧೂಳನ್ನು ಕೈಯಲ್ಲೇ ಒರೆಸಿದರು.

"ತಪ್ಪಾಯ್ತಮ್ಮ. ಇವನನ್ನ ಇವತ್ತೇ ಕಳಿಸ್ತೀನಿ. ನೀನು ನಾಳೆಯಿಂದ ಬಾ, ಸಂಬಳನೂ ಜಾಸ್ತಿ ಮಾಡ್ತೀನಿ."

ಸಿರಿ ಆ ಕುರ್ಚಿಯನ್ನು ನೋಡಿದಳು. ಅದರೆದುರು ಊಟಕ್ಕೆಂದು ಗಣೇಶ್ ಎಳೆದಿಟ್ಟಿದ್ದ ಇನ್ನೊಂದು ಕುರ್ಚಿ ಹಾಗೇ ಇತ್ತು.

"ಬರಲ್ಲ ಸಾರ್."